ಬಿಡದ ಸೊಂಟನೋವು: ಕಾರಣ ಇರುವುದೆಲ್ಲಿ?



ಸೊಂಟನೋವು ಎಂದೊಡನೆ ಅದು ಅಜ್ಜ ಅಜ್ಜಿಯರಿಗೆ ಸೇರಿದ ವಿಷಯ, ನಮಗೆ ಅದರ ಗೊಡವೆ ಏಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಬಹುದು. ನಿಮ್ಮ ತರಗತಿಯಲ್ಲೇ ಕೇಳಿ ನೋಡಿ. ಹದಿನೇಳು ಹದಿನೆಂಟರ ವಯಸ್ಸಿಗೆ ಒಮ್ಮೆಯಾದರೂ ಸೊಂಟ ಹಿಡಿದುಕೊಂಡ ಅನುಭವ ಇರುವವರು ಅಲ್ಲಿಯೇ ಹಲವರು ಸಿಗುತ್ತಾರೆ. 2020ರಲ್ಲಿ ಪ್ರಪಂಚದಲ್ಲಿ ಸುಮಾರು 61 ಕೋಟಿ 90 ಲಕ್ಷ ಮಂದಿಗೆ ಈ ತೊಂದರೆ ಇತ್ತೆಂದು ಜಾಗತಿಕ ರೋಗಭಾರದ ಅಧ್ಯಯನ ಅಂದಾಜು ಮಾಡಿದೆ. ಪ್ರಾಣ ತೆಗೆಯದಿದ್ದರೂ ಮನುಷ್ಯನ ದಿನನಿತ್ಯದ ಬದುಕನ್ನು ಕುಂಟಿಸುವ ತೊಂದರೆಗಳಲ್ಲಿ ಮೊದಲನೆಯ ಸ್ಥಾನ ಇದರದು.

ದೂರ ಹೋಗುವುದು ಬೇಡ. ದಕ್ಷಿಣ ಬೆಂಗಳೂರಿನ ನಾಲ್ಕು ಬಡಾವಣೆಗಳಿಂದ ನಾಲ್ಕು ಜನರನ್ನು ಕಲ್ಪಿಸಿಕೊಳ್ಳೋಣ. ಬಿ.ಟಿ.ಎಂ. ಬಡಾವಣೆಯಲ್ಲಿ ಕೊಠಡಿ ಮಾಡಿಕೊಂಡಿರುವ, ದಿನಕ್ಕೆ ಹತ್ತು ಗಂಟೆ ಕಂಪ್ಯೂಟರಿನ ಮುಂದೆ ಕೂರುವ ಇಪ್ಪತ್ತೆಂಟರ ಯುವತಿ. ಬನಶಂಕರಿಯಲ್ಲಿ ವಾಸ, ಬೆಳಗಿನ ಜಾವ ಸಾರಕ್ಕಿ ಮಾರುಕಟ್ಟೆಯಲ್ಲಿ ತರಕಾರಿ ಮೂಟೆ ಇಳಿಸುವ ನಲವತ್ತರ ಕಾರ್ಮಿಕ. ಜಯನಗರದ ಉದ್ಯಾನದಲ್ಲಿ ವಾಯುಸೇವನೆಗೆ ಹೋಗುವ ಎಪ್ಪತ್ತೆರಡರ ನಿವೃತ್ತ ಅಧ್ಯಾಪಕರು. ಜೆ.ಪಿ. ನಗರದಿಂದ ದಿನವೂ ಸ್ಕೂಟರಿನಲ್ಲಿ ಕಾಲೇಜಿಗೆ ಹೋಗಿಬರುವ ಹತ್ತೊಂಬತ್ತರ ಎಂಜಿನಿಯರಿಂಗ್ ವಿದ್ಯಾರ್ಥಿ. ನಾಲ್ವರಿಗೂ ಸೊಂಟನೋವು ಬಂದು ಆರು ತಿಂಗಳಾಗಿದೆ. ನಾಲ್ವರ ಮನೆಯವರೂ ಕಾರಣ ಕಂಡುಹಿಡಿದುಬಿಟ್ಟಿದ್ದಾರೆ: ಯುವತಿಗೆ ಕುರ್ಚಿ, ಕಾರ್ಮಿಕನಿಗೆ ಮೂಟೆ, ಅಧ್ಯಾಪಕರಿಗೆ ವಯಸ್ಸು, ಹುಡುಗನಿಗೆ ಸ್ಕೂಟರು ಮತ್ತು ನಮ್ಮ ರಸ್ತೆಯ ಗುಂಡಿಗಳು. ಈ ಉತ್ತರಗಳಲ್ಲಿ ಸರಿ ಎಷ್ಟು, ಊಹೆ ಎಷ್ಟು ಎಂಬುದನ್ನು ಇಂದು ನೋಡೋಣ. ನಾಲ್ವರಲ್ಲಿ ಎಲ್ಲರಿಗಿಂತ ಮೊದಲು ವೈದ್ಯರ ಬಳಿಗೆ ಹೋಗಬೇಕಾದವರು ಯಾರು ಎಂದು ನೀವು ಈಗಲೇ ಒಂದು ಊಹೆ ಮಾಡಿಟ್ಟುಕೊಳ್ಳಿ.

ಕೊನೆಯ ಪಕ್ಕೆಲುಬಿನ ಕೆಳಗಿನಿಂದ ಪೃಷ್ಠದ ಕೆಳಮಡಿಕೆಯವರೆಗಿನ ಭಾಗದಲ್ಲಿ ಆಗುವ ನೋವನ್ನು ವೈದ್ಯರು ಕೆಳಬೆನ್ನಿನ ನೋವು ಎನ್ನುತ್ತಾರೆ. ನಮ್ಮ ಮನೆಮಾತಿನಲ್ಲಿ ಅದೇ ಸೊಂಟನೋವು. ಭಾರ ಎತ್ತುವಾಗ ಚಳುಕು ಹೊಡೆದು ಕೆಲವು ದಿನ ಅಥವಾ ಕೆಲವು ವಾರ ಇದ್ದು ಹೋಗುವುದು ಒಂದು ಬಗೆ. ಹನ್ನೆರಡು ವಾರ ಕಳೆದರೂ ಬಿಡದೆ ಕಾಡುವುದು ಇನ್ನೊಂದು ಬಗೆ. ಅದನ್ನು ದೀರ್ಘಕಾಲಿಕ ನೋವು ಎನ್ನುತ್ತಾರೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಮೊದಲ ಬಗೆಯದು ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಒಂದು ನಂಬಿಕೆಯಿದೆ, ನೀವೂ ಕೇಳಿರಬಹುದು. ಕಾಲು ಮುಂದಾಗಿ ಹುಟ್ಟಿದವರು ಸೊಂಟಕ್ಕೆ ಮೆಲ್ಲನೆ ಒದ್ದರೆ ಹಿಡಿದ ಸೊಂಟ ಬಿಡುತ್ತದೆಯಂತೆ! ಅಂಥವರನ್ನು ಹುಡುಕಿಕೊಂಡು ಪಕ್ಕದ ಊರಿಗೆ ಹೋದವರೂ ಇದ್ದಾರೆ. ಒದೆಸಿಕೊಂಡವರಲ್ಲಿ ಬಹಳ ಮಂದಿಗೆ ವಾಸಿಯೂ ಆಯಿತು, ಏಕೆಂದರೆ ಒದೆಸಿಕೊಳ್ಳದಿದ್ದರೂ ಅದು ವಾಸಿಯಾಗುತ್ತಿತ್ತು. ಇದನ್ನು ಹಳ್ಳಿಯ ಮೂಢನಂಬಿಕೆ ಎಂದು ನಕ್ಕುಬಿಡುವುದು ಸುಲಭ. ಆದರೆ ಪಟ್ಟಣದಲ್ಲಿ ಸಾವಿರಾರು ರೂಪಾಯಿ ಕೊಟ್ಟು ಕೊಂಡ ಹಾಸಿಗೆ, ಪಟ್ಟಿ, ಮುಲಾಮುಗಳ ಖ್ಯಾತಿಯೂ ಬಹುಮಟ್ಟಿಗೆ ಇದೇ ಅಡಿಪಾಯದ ಮೇಲೆ ನಿಂತಿದೆ ಎಂಬುದನ್ನೂ ಗಮನಿಸಬೇಕು. ಇಂದಿನ ನಮ್ಮ ವಿಷಯ ಎರಡನೆಯ ಬಗೆಯದು, ಬಿಡದ ನೋವು.

ತೆರೆಯ ಮೇಲೆ ತೋರಿಸುವ ಬೆನ್ನುಮೂಳೆಯ ಮಾದರಿಯನ್ನು ಓದುಗರು ತಮ್ಮ ಜೀವಶಾಸ್ತ್ರದ ಪುಸ್ತಕದಲ್ಲಿ ನೋಡಿಕೊಳ್ಳಬಹುದು. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5 ಕಶೇರುಮಣಿಗಳು. ಅವುಗಳ ಕೆಳಗೆ ಬೆಸೆದುಕೊಂಡಿರುವ ತ್ರಿಕಾಸ್ಥಿ ಮತ್ತು ಬಾಲದ ಮೂಳೆ. ಮೇಲಿನ ದೇಹದ ಭಾರವೆಲ್ಲ ಸೊಂಟದ ಆ ಐದು ಮಣಿಗಳ ಮೂಲಕ ಇಳಿದು ಕಾಲುಗಳಿಗೆ ಹೋಗಬೇಕು. ಅದೇ ಐದು ಮಣಿಗಳು ಬಾಗಬೇಕು, ಏಳಬೇಕು. ಒಂದು ಮಣಿಗೂ ಮುಂದಿನ ಮಣಿಗೂ ನಡುವೆ ಮೆತ್ತೆಯಂಥ ಬಿಲ್ಲೆ ಇದೆ. ಇಂಗ್ಲಿಷಿನ ಡಿಸ್ಕ್ ಎಂಬ ಮಾತು ಈಗ ನಮ್ಮ ಅಡುಗೆಮನೆಯವರೆಗೂ ಬಂದಿದೆಯಲ್ಲ, ಅದು ಇದೇ. ಹೊರಗೆ ಗಟ್ಟಿಯಾದ ನಾರಿನ ಉಂಗುರಗಳು, ಒಳಗೆ ನೀರು ತುಂಬಿಕೊಂಡ ಲೋಳೆಯಂಥ ತಿರುಳು. ಬೆಳೆದವರ ಬಿಲ್ಲೆಯೊಳಕ್ಕೆ ರಕ್ತನಾಳಗಳು ಹೋಗುವುದಿಲ್ಲ; ಅಕ್ಕಪಕ್ಕದ ಮೂಳೆಯಿಂದ ಪೋಷಣೆ ನಿಧಾನವಾಗಿ ಜಿನುಗಿ ಬರಬೇಕು. ಮಣಿಗಳ ಹಿಂಭಾಗದಲ್ಲಿ ಜೋಡಿ ಜೋಡಿಯಾಗಿ ಚಿಕ್ಕ ಕೀಲುಗಳಿವೆ, ಅಸ್ಥಿರಜ್ಜುಗಳಿವೆ, ಪದರ ಪದರವಾಗಿ ಸ್ನಾಯುಗಳಿವೆ, ನಡುವಿನ ಕಿಂಡಿಗಳಿಂದ ಕಾಲಿಗೆ ಹೋಗುವ ನರಗಳು ಹೊರಡುತ್ತವೆ. ಇವುಗಳಲ್ಲಿ ಯಾವುದು ಬೇಕಾದರೂ ನೋಯಬಲ್ಲದು. ಎಲ್ಲವೂ ಒತ್ತೊತ್ತಾಗಿ ಇರುವುದರಿಂದ ನೋವು ಯಾವುದರಿಂದ ಬಂತೆಂದು ಹೊರಗಿನಿಂದ ಹೇಳುವುದು ಕಷ್ಟ. ಸಾಲದ್ದಕ್ಕೆ ಮೂತ್ರಪಿಂಡದ ಕಲ್ಲು, ಗರ್ಭಕೋಶದ ಕೆಲವು ತೊಂದರೆಗಳು ಕೂಡ ಸೊಂಟದ ಹೆಸರಿನಲ್ಲಿಯೇ ನೋವನ್ನು ತೋರಿಸುತ್ತವೆ.

ಎಲ್ಲ ಬಿಟ್ಟು ಬಿಲ್ಲೆಯೊಂದಕ್ಕೇ ಇಷ್ಟು ಹೆಸರು ಬಂದದ್ದು ಹೇಗೆ? 1934ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು, ಬಿಲ್ಲೆಯ ನಾರಿನ ಉಂಗುರ ಹರಿದು ಒಳಗಿನ ತಿರುಳು ಹೊರಚಾಚಿ ನರವನ್ನು ಒತ್ತುವುದರಿಂದ ಸಯಾಟಿಕ ನೋವು ಬರುತ್ತದೆ ಎಂದು ತೋರಿಸಿದರು. ಪೃಷ್ಠದಿಂದ ತೊಡೆಯ ಹಿಂಭಾಗವಾಗಿ ಮೊಣಕಾಲಿನ ಕೆಳಕ್ಕೆ ಮಿಂಚಿನಂತೆ ಇಳಿಯುವ ನೋವದು. ಅದು ದೊಡ್ಡ ಶೋಧನೆ, ಇಂದಿಗೂ ಸತ್ಯ. ಆದರೆ ಕಾಲಿಗೆ ಇಳಿಯುವ ನೋವಿನ ವಿಷಯದಲ್ಲಿ ಸತ್ಯವಾದ ಈ ವಿವರಣೆಯನ್ನು ಜನ ಮುಂದೆ ಸೊಂಟದ ಎಲ್ಲ ನೋವಿಗೂ ಹಚ್ಚಿದರು. "ಡಿಸ್ಕ್ ಜಾರಿದೆ" ಎಂಬ ಮಾತು ಹುಟ್ಟಿತು. ನಿಜವಾಗಿ ನೋಡಿದರೆ ಬಿಲ್ಲೆ ತಟ್ಟೆಯ ಮೇಲಿನ ಇಡ್ಲಿಯಂತೆ ಜಾರುವ ವಸ್ತುವೇ ಅಲ್ಲ. ಮೇಲಿನ ಮತ್ತು ಕೆಳಗಿನ ಮೂಳೆಗಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಹೊರಚಾಚಿದ ತಿರುಳು ಕೂಡ ಬಹಳ ಜನರಲ್ಲಿ ತಿಂಗಳುಗಳು ಕಳೆದಂತೆ ತಾನೇ ಕುಗ್ಗಿಹೋಗುತ್ತದೆ.

ಆಮೇಲೆ ಎಂ.ಆರ್.ಐ. ಯಂತ್ರ ಬಂತು. ಚರ್ಮ ಕೊಯ್ಯದೆ ಬಿಲ್ಲೆಯನ್ನು ಕಣ್ಣಿಗೆ ಕಾಣಿಸುವ ಅದ್ಭುತ ಯಂತ್ರ ಅದು. ಸೊಂಟ ನೋಯುವವರನ್ನು ಅದರೊಳಗೆ ಮಲಗಿಸಿ ನೋಡಿದಾಗ ಉಬ್ಬಿದ, ಒಣಗಿದ ಬಿಲ್ಲೆಗಳು ಕಂಡವು. ಕಾರಣ ಸಿಕ್ಕಿತೆಂದು ಎಲ್ಲರಿಗೂ ಸಂತೋಷವಾಯಿತು. ಆದರೆ ವಿಜ್ಞಾನದ ವಿದ್ಯಾರ್ಥಿಯಾದವನು ಇಲ್ಲಿ ಒಂದು ಪ್ರಶ್ನೆ ಕೇಳಬೇಕು: ನೋವೇ ಇಲ್ಲದವರ ಬಿಲ್ಲೆಗಳು ಹೇಗಿರುತ್ತವೆ? 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸೊಂಟನೋವಿಲ್ಲದ 98 ಜನರನ್ನು ಈ ಯಂತ್ರದಲ್ಲಿ ಪರೀಕ್ಷಿಸಿದರು. ಅವರಲ್ಲಿ 52 ಶೇಕಡ ಜನರಿಗೆ ಒಂದಾದರೂ ಬಿಲ್ಲೆ ಉಬ್ಬಿತ್ತು! 2015ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ, ನೋವಿಲ್ಲದ 3,110 ಜನರ ಲೆಕ್ಕ ತೆಗೆದರು. ಬಿಲ್ಲೆ ಸವೆದ ಗುರುತು ಇಪ್ಪತ್ತರ ವಯಸ್ಸಿನವರಲ್ಲೇ 37 ಶೇಕಡ ಇತ್ತು. ಎಂಬತ್ತರ ವಯಸ್ಸಿನವರಲ್ಲಿ 96 ಶೇಕಡ. ಹೀಗಾದರೆ ಆ ಗುರುತನ್ನು ನರೆಗೂದಲಿಗೆ, ಮುಖದ ಸುಕ್ಕಿಗೆ ಹೋಲಿಸಬೇಕೇ ಹೊರತು ಕಾಯಿಲೆಯೆಂದು ಕರೆಯುವುದು ಹೇಗೆ? ಬಿಲ್ಲೆಗೂ ನೋವಿಗೂ ಸಂಬಂಧವೇ ಇಲ್ಲವೆಂದು ಇದರ ಅರ್ಥವಲ್ಲ. ಚಿತ್ರದಲ್ಲಿ ಕಂಡದ್ದೇ ನೋವಿನ ಕಾರಣ ಎಂದು ಚಿತ್ರವೊಂದನ್ನೇ ನೋಡಿ ಹೇಳಲಾಗದು, ಅಷ್ಟೆ.

ಇದು ಪಂಡಿತರ ಚರ್ಚೆಗೆ ಮಾತ್ರ ಸೇರಿದ ಸಂಗತಿ ಎಂದುಕೊಳ್ಳಬೇಡಿ. ಇಪ್ಪತ್ತೆಂಟರ ಆ ಯುವತಿಯ ಕೈಗೆ ವರದಿ ಬರುತ್ತದೆ. ಅದರಲ್ಲಿ "ಬಿಲ್ಲೆ ಸವೆದಿದೆ" ಎಂದು ಬರೆದಿರುತ್ತದೆ. ಅಂದಿನಿಂದ ಆಕೆ ನೀರಿನ ಕೊಡ ಎತ್ತುವುದಿಲ್ಲ, ಬಸ್ಸು ಹತ್ತುವುದಿಲ್ಲ, ಬಾಗುವುದಿಲ್ಲ. ತನ್ನ ಬೆನ್ನು ಗಾಜಿನದು ಎಂಬ ಭಯ ಮನಸ್ಸಿನಲ್ಲಿ ಕುಳಿತುಬಿಡುತ್ತದೆ. ಬಳಸದ ಸ್ನಾಯು ಸೊರಗುತ್ತದೆ, ಸೊರಗಿದ ಸ್ನಾಯು ಸಣ್ಣ ಕೆಲಸಕ್ಕೂ ನೋಯುತ್ತದೆ, ನೋವು ಭಯವನ್ನು ಹೆಚ್ಚಿಸುತ್ತದೆ. ಕಾರಣ ಹೇಳುತ್ತೇವೆಂದು ಹೊರಟ ಒಂದು ಮಾತೇ ಇಲ್ಲಿ ಹೊಸ ಕಾರಣವಾಯಿತು!

ಹಾಗಾದರೆ ಆಕೆಯ ಕುರ್ಚಿಯ ಪಾಲು ಎಷ್ಟು? 1960ರ ದಶಕದಲ್ಲಿ ಸ್ವೀಡನ್ನಿನ ನ್ಯಾಕೆಮ್ಸನ್ ಎಂಬ ವೈದ್ಯ ಜೀವಂತ ಮನುಷ್ಯರ ಬಿಲ್ಲೆಯೊಳಗೆ ಸೂಜಿ ಇಳಿಸಿ ಒತ್ತಡ ಅಳೆದ. ನಿಲ್ಲುವುದಕ್ಕಿಂತ ಕೂರುವಾಗಲೇ ಒತ್ತಡ ಹೆಚ್ಚು ಎಂದು ಆತನ ಅಳತೆ ಹೇಳಿತು. ದಶಕಗಳ ಕಾಲ ಪಠ್ಯಪುಸ್ತಕಗಳು ಅದನ್ನೇ ಹೇಳಿದವು. 1999ರಲ್ಲಿ ಜರ್ಮನಿಯ ಉಲ್ಮ್ ನಗರದ ವಿಜ್ಞಾನಿಗಳು ಹೊಸ ಸಲಕರಣೆಯಿಂದ ಒಬ್ಬ ಸ್ವಯಂಸೇವಕನ ಬಿಲ್ಲೆಯ ಒತ್ತಡವನ್ನು ಇಡೀ ದಿನ ಅಳೆದರು. ನಿಂತಾಗ 0.5 ಮೆಗಾಪ್ಯಾಸ್ಕಲ್, ಸಡಿಲವಾಗಿ ಕುಳಿತಾಗ 0.46. ಕಾರಿನ ಟೈರಿನ ಗಾಳಿಯ ಒತ್ತಡದ ಎರಡರಷ್ಟಕ್ಕಿಂತ ಹೆಚ್ಚು ಒತ್ತಡವನ್ನು ನಮ್ಮ ಬಿಲ್ಲೆ ಸುಮ್ಮನೆ ನಿಂತಾಗಲೇ ಹೊತ್ತಿರುತ್ತದೆ ಎಂಬುದು ಸೋಜಿಗ. ಆದರೆ ಕೂರುವುದಕ್ಕೂ ನಿಲ್ಲುವುದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಒಬ್ಬನೇ ಮನುಷ್ಯನ ಅಳತೆ ಎಂಬುದನ್ನು ಮರೆಯದೆ ಹೇಳುವುದಾದರೆ, ಕೂರುವುದು ಬೆನ್ನನ್ನು ಜಜ್ಜಿಹಾಕುತ್ತದೆ ಎಂಬ ಮಾತಿಗೆ ಆಧಾರ ತೆಳು. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಅಲುಗಾಡದೆ ಇರುವುದು, ಮನೆಗೆ ಬಂದ ಮೇಲೂ ನಡೆದಾಡದಿರುವುದು, ಐದೂವರೆ ಗಂಟೆಯಷ್ಟೇ ನಿದ್ದೆ, ಕೆಲಸ ಹೋದೀತೆಂಬ ಚಿಂತೆ, ಇವೆಲ್ಲ ಸೇರಿದ ಬುತ್ತಿಯನ್ನು ಕುರ್ಚಿಯೊಂದರ ತಲೆಗೆ ಕಟ್ಟುವುದು ಸರಿಯಲ್ಲ.

ಅದೇ ಪ್ರಯೋಗದಲ್ಲಿ 20 ಕಿಲೋ ಭಾರವನ್ನು ಬೆನ್ನು ಬಾಗಿಸಿ ಎತ್ತಿದಾಗ ಒತ್ತಡ 2.3ಕ್ಕೆ ಏರಿತು, ಮೊಣಕಾಲು ಮಡಿಸಿ ಎತ್ತಿದಾಗ 1.7. ಸಾರಕ್ಕಿಯ ಮೂಟೆ 20 ಕಿಲೋದಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಕಾರ್ಮಿಕನ ಮನೆಯವರ ಊಹೆಯಲ್ಲಿ ತಿರುಳಿದೆ. ಭಾರವನ್ನು ಮತ್ತೆ ಮತ್ತೆ ಎತ್ತುವುದು, ಸೊಂಟ ತಿರುಚಿ ಎತ್ತುವುದು, ದಣಿದಿರುವಾಗ ಅಥವಾ ಗಮನ ಬೇರೆಡೆ ಇರುವಾಗ ಎತ್ತುವುದು, ಇವು ಸೊಂಟ ಹಿಡಿಯುವ ಸಂಭವವನ್ನು ಹೆಚ್ಚಿಸುತ್ತವೆ. ದಿನಗೂಲಿಯವನಿಗೆ ಇನ್ನೊಂದು ತೊಡಕಿದೆ. ನೋವು ಬಂದಾಗ ಹಗುರ ಕೆಲಸ ಮಾಡಿಕೊಂಡು ನಿಧಾನವಾಗಿ ಮೊದಲಿನ ಕೆಲಸಕ್ಕೆ ಮರಳುವ ಅವಕಾಶ ಅವನಿಗಿಲ್ಲ: ಪೂರ್ತಿ ಮೂಟೆ, ಇಲ್ಲವೇ ಪೂರ್ತಿ ರಜೆ, ಕೂಲಿಯಿಲ್ಲದ ರಜೆ. ಹೀಗಾಗಿ ಪೂರ್ತಿ ಮಾಯುವ ಮೊದಲೇ ಮರಳುತ್ತಾನೆ, ಮತ್ತೆ ಹಿಡಿಯುತ್ತದೆ.

ಭಾರವೇ ಶತ್ರುವಾದರೆ ಭಾರವೇ ಇಲ್ಲದ ಕಡೆ ನೋವಿರಬಾರದಲ್ಲವೇ? ಅಂತರಿಕ್ಷಕ್ಕೆ ಹೋದ ಗಗನಯಾತ್ರಿಗಳನ್ನು ನೋಡಿ. ಅಲ್ಲಿ ಅವರಿಗೆ ತೂಕದ ಅನುಭವವೇ ಇಲ್ಲ. ಬಿಲ್ಲೆಗಳು ನೀರು ಹೀರಿ ಉಬ್ಬುತ್ತವೆ, ಎತ್ತರ ಕೆಲವು ಸೆಂಟಿಮೀಟರ್ ಹೆಚ್ಚುತ್ತದೆ. ಆದರೂ ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಮೊದಲ ದಿನಗಳಲ್ಲಿ ಬೆನ್ನುನೋವು ಎನ್ನುತ್ತಾರೆ. ಬೆನ್ನಿಗೆ ಅತಿಭಾರವೂ ಆಗದು, ಭಾರವಿಲ್ಲದಿರುವುದೂ ಆಗದು.

ಭಾರ ಎಂದಾಗ ನಿಮ್ಮ ಹೆಗಲ ಮೇಲಿನ ಚೀಲ ನೆನಪಾಗಬೇಕು. 2019ರಲ್ಲಿ ಕರ್ನಾಟಕ ಸರ್ಕಾರ ಶಾಲಾ ಚೀಲದ ತೂಕಕ್ಕೆ ಮಿತಿ ಹಾಕಿತು: ಒಂದು ಮತ್ತು ಎರಡನೆಯ ತರಗತಿಗೆ ಒಂದೂವರೆಯಿಂದ 2 ಕಿಲೋ, ಒಂಬತ್ತು ಮತ್ತು ಹತ್ತನೆಯ ತರಗತಿಗೆ 4ರಿಂದ 5 ಕಿಲೋ. ಒಳ್ಳೆಯ ಆದೇಶವೇ. ಭಾರದ ಚೀಲ ಭುಜ ನೋಯಿಸುತ್ತದೆ, ಮಗುವನ್ನು ದಣಿಸುತ್ತದೆ. ಆದರೆ ಬಿಡದ ಸೊಂಟನೋವಿಗೆ ಚೀಲವೇ ಕಾರಣ ಎಂಬುದಕ್ಕೆ, 2018ರಲ್ಲಿ 69 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಗಟ್ಟಿ ಪುರಾವೆ ಸಿಗಲಿಲ್ಲ.

ಸ್ಕೂಟರು ಮತ್ತು ಗುಂಡಿಗಳ ಮೇಲಿನ ಆರೋಪವೂ ಬಹುಮಟ್ಟಿಗೆ ಹೀಗೆಯೇ. ಇಡೀ ದಿನ ವಾಹನ ನಡೆಸುವವರಲ್ಲಿ ಸೊಂಟನೋವು ಹೆಚ್ಚು ಎಂಬುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಸಿಲ್ಕ್ ಬೋರ್ಡ್ ವೃತ್ತದಲ್ಲಿ ಮುಕ್ಕಾಲು ಗಂಟೆ ಕ್ಲಚ್ಚು ಒತ್ತಿ ಕುಳಿತ ಯಾವ ಚಾಲಕನೂ ಇದನ್ನು ಅಲ್ಲಗಳೆಯಲಾರ. ಆದರೆ ಅದರಿಂದ ಬಿಲ್ಲೆ ಹಾಳಾಗುತ್ತದೆಯೇ? ಫಿನ್ಲೆಂಡಿನಲ್ಲಿ ತದ್ರೂಪಿ ಅವಳಿ ಸೋದರರ 45 ಜೋಡಿಗಳನ್ನು ಆರಿಸಿದರು. ಪ್ರತಿ ಜೋಡಿಯಲ್ಲೂ ಒಬ್ಬನು ಬದುಕಿನುದ್ದಕ್ಕೂ ವಾಹನ ನಡೆಸಿದವನು, ಇನ್ನೊಬ್ಬನು ಅಷ್ಟಾಗಿ ನಡೆಸದವನು. 2002ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಇಬ್ಬರ ಬಿಲ್ಲೆಗಳ ಸವೆತ ಹೆಚ್ಚು ಕಡಿಮೆ ಒಂದೇ ಆಗಿತ್ತು. ಅದೇ ದೇಶದ ಅವಳಿಗಳ ಬೇರೆ ಅಧ್ಯಯನಗಳಲ್ಲಿ, ಬಿಲ್ಲೆ ಎಷ್ಟು ಬೇಗ ಸವೆಯುತ್ತದೆ ಎಂಬುದನ್ನು ಮಾಡುವ ಕೆಲಸಕ್ಕಿಂತ ಹೆಚ್ಚಾಗಿ ತಂದೆತಾಯಿಗಳಿಂದ ಬಂದ ಅನುವಂಶಿಕ ಗುಣವೇ ನಿರ್ಧರಿಸುತ್ತದೆ ಎಂದು ಕಂಡಿತು. ರಸ್ತೆಯ ಗುಂಡಿಗಳನ್ನು ಮುಚ್ಚಬೇಕಾದ ಕಾರಣಗಳು ಸಾಕಷ್ಟಿವೆ, ಅದು ಬೇರೆ ಮಾತು.

ಆಟಗಾರರಿಗೆ ಸಂಬಂಧಿಸಿದ ಒಂದು ಕಾರಣ ಮಾತ್ರ ಸ್ಪಷ್ಟವಾಗಿದೆ. ಎಳೆಯ ವಯಸ್ಸಿನಲ್ಲಿ ಬೆನ್ನನ್ನು ಹಿಂದಕ್ಕೆ ಬಾಗಿಸಿ ತಿರುಚುವ ಕ್ರಿಯೆ ಸಾವಿರಾರು ಸಲ ನಡೆದಾಗ ಕಶೇರುಮಣಿಯ ಹಿಂಭಾಗದ ಕಿರಿದಾದ ಸೇತುವೆಯಂಥ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬೀಳಬಹುದು. ತಂತಿಯನ್ನು ಮತ್ತೆ ಮತ್ತೆ ಬಾಗಿಸಿದರೆ ತುಂಡಾಗುವುದಿಲ್ಲವೇ, ಹಾಗೆ. ಕ್ರಿಕೆಟ್ಟಿನ ವೇಗದ ಬೌಲರುಗಳಲ್ಲಿ, ಜಿಮ್ನಾಸ್ಟಿಕ್ ಪಟುಗಳಲ್ಲಿ ಇದು ಹೆಚ್ಚು. ಜಸ್‌ಪ್ರೀತ್ ಬುಮ್ರಾ 2019ರಲ್ಲಿ ಇದೇ ಕಾರಣಕ್ಕೆ ಆಟದಿಂದ ಹೊರಗುಳಿದರು. ಬೆಂಗಳೂರಿನ ಪ್ರಸಿದ್ಧ ಕೃಷ್ಣ 2023ರ ಐ.ಪಿ.ಎಲ್. ಪಂದ್ಯಾವಳಿಯನ್ನು ಕಳೆದುಕೊಂಡರು. ಶಾಲಾ ತಂಡದಲ್ಲಿ ದಿನವೂ ಬೌಲಿಂಗ್ ಮಾಡುವ ಹುಡುಗನಿಗೆ ಸೊಂಟದ ಒಂದೇ ಬದಿಯಲ್ಲಿ ವಾರಗಟ್ಟಲೆ ನೋವಿದ್ದರೆ, ಹಿಂದಕ್ಕೆ ಬಾಗಿದಾಗ ಅದು ಹೆಚ್ಚಾಗುತ್ತಿದ್ದರೆ, ಮುಲಾಮು ಹಚ್ಚಿಕೊಂಡು ಪಂದ್ಯ ಆಡಿಸುವುದು ಸಲ್ಲದು. ಬೇಗ ಗುರುತಿಸಿ ಬೌಲಿಂಗ್ ನಿಲ್ಲಿಸಿದರೆ ಆ ಬಿರುಕು ಮಾಯುವ ಸಂಭವ ಹೆಚ್ಚು.

ಇಷ್ಟೆಲ್ಲ ಹುಡುಕಿದರೂ, ಸೊಂಟನೋವೆಂದು ವೈದ್ಯರ ಬಳಿಗೆ ಬರುವವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನರಿಗೆ "ಇದೇ ಭಾಗ ಕೆಟ್ಟಿದೆ" ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ನೋವು ಸುಳ್ಳೆಂದು ಇದರ ಅರ್ಥ ಖಂಡಿತ ಅಲ್ಲ. ನೋವಿನ ಹುಟ್ಟು ಬೆನ್ನಿನಲ್ಲಾದರೂ ಅದರ ಅನುಭವ ಮಿದುಳಿನಲ್ಲಿ. ತಿಂಗಳುಗಟ್ಟಲೆ ನೋವಿನ ಸಂಕೇತಗಳು ಹರಿದುಬಂದಾಗ ಮಿದುಳುಬಳ್ಳಿ ಮತ್ತು ಮಿದುಳಿನ ನರಕೋಶಗಳು ಸೂಕ್ಷ್ಮವಾಗಿಬಿಡುತ್ತವೆ. ರೇಡಿಯೋದ ಧ್ವನಿಯನ್ನು ಯಾರೋ ಏರಿಸಿಟ್ಟಂತೆ ಸಣ್ಣ ಸಂಕೇತವೂ ದೊಡ್ಡ ನೋವಾಗಿ ಕೇಳಿಸುತ್ತದೆ. ಮೊದಲ ಗಾಯ ಮಾಯ್ದ ಮೇಲೂ ಧ್ವನಿ ಇಳಿಯದಿರಬಹುದು. ನಿದ್ದೆಗೆಡುವುದು, ಖಿನ್ನತೆ, ಒಂಟಿತನ, ಧೂಮಪಾನ ಇವುಗಳೊಂದಿಗೆ ಬಿಡದ ನೋವಿಗೆ ನಂಟು ಪದೇ ಪದೇ ಕಂಡಿದೆ. ಅಮೆರಿಕದ ಬೋಯಿಂಗ್ ವಿಮಾನ ಕಾರ್ಖಾನೆಯ 3,020 ನೌಕರರನ್ನು ಕೆಲವು ವರ್ಷ ಗಮನಿಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಕೆಲಸ ಹಿಡಿಸುವುದೇ ಇಲ್ಲ ಎಂದವರು ಬೆನ್ನಿನ ತೊಂದರೆ ಹೇಳಿಕೊಂಡ ಪ್ರಮಾಣ ಉಳಿದವರ ಎರಡೂವರೆ ಪಟ್ಟು ಇತ್ತು. ಹೊಸೂರು ರಸ್ತೆಯ ನಿಮ್ಹಾನ್ಸ್ ಆವರಣದ ಕಡೆ ಕೈ ತೋರಿಸಿದರೆ "ನನ್ನ ನೋವು ಮನಸ್ಸಿನದಲ್ಲ, ಬೆನ್ನಿನದು" ಎಂದು ರೋಗಿ ಸಿಟ್ಟಾಗುವುದುಂಟು. ಆ ಸಿಟ್ಟು ಸಹಜ. ಆದರೆ ಬೆನ್ನು ಒಂದು ಕಡೆ, ಮನಸ್ಸು ಒಂದು ಕಡೆ ಎಂಬ ಗೋಡೆ ಕಟ್ಟಿದವರು ನಾವು. ನರವ್ಯೂಹಕ್ಕೆ ಅಂಥ ಗೋಡೆಯಿಲ್ಲ.

ನೋವನ್ನು ಉಳಿಸುವ ಇನ್ನೊಂದು ಕಾರಣ ವಿಶ್ರಾಂತಿ ಎಂದರೆ ನಿಮಗೆ ವಿಚಿತ್ರವೆನಿಸಬಹುದು. ಒಂದು ಕಾಲದಲ್ಲಿ ಸೊಂಟ ಹಿಡಿದರೆ ಹಲಗೆಯ ಮೇಲೆ ವಾರಗಟ್ಟಲೆ ಮಲಗಿಸುತ್ತಿದ್ದರು. 1995ರಲ್ಲಿ ಹೆಲ್ಸಿಂಕಿ ನಗರಾಡಳಿತದ 186 ನೌಕರರನ್ನು ಮೂರು ಗುಂಪು ಮಾಡಿ ನಡೆಸಿದ ಪ್ರಯೋಗ ಪ್ರಕಟವಾಯಿತು. ಒಂದು ಗುಂಪಿಗೆ ಎರಡು ದಿನ ಹಾಸಿಗೆ, ಒಂದು ಗುಂಪಿಗೆ ಬೆನ್ನಿನ ವ್ಯಾಯಾಮ, ಇನ್ನೊಂದಕ್ಕೆ ಆದಷ್ಟೂ ಎಂದಿನಂತೆ ಓಡಾಡಿಕೊಂಡಿರಿ ಎಂಬ ಮಾತು. ಎಲ್ಲರಿಗಿಂತ ಬೇಗ ಚೇತರಿಸಿಕೊಂಡವರು ಮೂರನೆಯವರು, ಎಲ್ಲರಿಗಿಂತ ನಿಧಾನ ಮಲಗಿದವರು. ದೀರ್ಘಕಾಲದ ನೋವಿಗಂತೂ ಚಲನೆಯೇ ಮುಖ್ಯ ಮದ್ದೆಂದು ಈಗ ಎಲ್ಲ ಕಡೆ ಒಪ್ಪಿದ್ದಾರೆ. ನಮ್ಮ ದಕ್ಷಿಣ ಬೆಂಗಳೂರಿನಾಚೆ ಜಿಗಣಿಯ ಬಳಿಯ ಯೋಗ ಸಂಸ್ಥೆಯೊಂದರಲ್ಲಿ 80 ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಏಳು ದಿನದ ಯೋಗ ಶಿಬಿರದವರಿಗೆ ಬರಿಯ ವ್ಯಾಯಾಮದವರಿಗಿಂತ ಹೆಚ್ಚು ಗುಣ ಕಂಡಿತು. ಏಳು ದಿನ ಬಹಳ ಚಿಕ್ಕ ಅವಧಿ, ಅದರ ಮೇಲೆ ದೊಡ್ಡ ಕಟ್ಟಡ ಕಟ್ಟಲಾಗದು. ಆದರೂ ದಿಕ್ಕು ಸರಿಯಾಗಿದೆ.

ಜಯನಗರದ ಅಧ್ಯಾಪಕರ ಕಡೆ ಬರೋಣ. ಅವರ ನೋವನ್ನು ಒಂದು ಪ್ರಶ್ನೆ ಕೇಳಿಯೇ ಅರ್ಧ ಗುರುತಿಸಬಹುದು: ನೋವು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ? ಉದ್ಯಾನದಲ್ಲಿ ಇನ್ನೂರು ಮೀಟರು ನಡೆದರೆ ಸೊಂಟ ಮತ್ತು ಕಾಲುಗಳು ಭಾರವಾಗುತ್ತವೆ, ಕಲ್ಲುಬೆಂಚಿನ ಮೇಲೆ ಮುಂದಕ್ಕೆ ಬಾಗಿ ಕುಳಿತರೆ ಎರಡು ನಿಮಿಷದಲ್ಲಿ ಇಳಿಯುತ್ತದೆ ಎಂದರೆ, ವಯಸ್ಸಿನಿಂದ ದಪ್ಪಗಾದ ಮೂಳೆ ಮತ್ತು ರಜ್ಜುಗಳು ನರಗಳ ದಾರಿಯನ್ನು ಕಿರಿದು ಮಾಡಿರುವ ಸಂಭವವಿದೆ. ಅದೇ ವಯಸ್ಸಿನ ಹೆಂಗಸರಲ್ಲಿ ಹಗುರವಾಗಿ ಬಿದ್ದಾಗಲೂ ಟೊಳ್ಳಾದ ಕಶೇರುಮಣಿ ಕುಸಿಯುವುದುಂಟು. ಹೀಗೆ ವಯಸ್ಸು ಎಂಬ ಒಂದೇ ಪದದೊಳಗೆ ಬೇರೆ ಬೇರೆ ರೋಗಗಳಿವೆ, ಅವುಗಳಿಗೆ ಬೇರೆ ಬೇರೆ ಚಿಕಿತ್ಸೆಯಿದೆ.

ಇನ್ನುಳಿದವನು ಜೆ.ಪಿ. ನಗರದ ಹುಡುಗ. ನೀವು ಮಾಡಿಟ್ಟ ಊಹೆಯನ್ನು ಈಗ ತೆಗೆಯಿರಿ. ಎಲ್ಲರಿಗಿಂತ ಮೊದಲು ವೈದ್ಯರ ಬಳಿಗೆ ಹೋಗಬೇಕಾದವನು ಇವನೇ. ಇವನ ನೋವಿನ ನಡತೆಯನ್ನು ಕೇಳಿ: ಬೆಳಗಿನ ಜಾವ ನಾಲ್ಕಕ್ಕೆ ನೋವಿನಿಂದಲೇ ಎಚ್ಚರವಾಗುತ್ತದೆ. ಎದ್ದ ಮೇಲೆ ಮುಕ್ಕಾಲು ಗಂಟೆ ಬೆನ್ನು ಮರದ ಹಲಗೆಯಂತೆ ಬಿಗಿದಿರುತ್ತದೆ. ನಡೆದಾಡಿದರೆ, ಆಟವಾಡಿದರೆ ಕಡಿಮೆಯಾಗುತ್ತದೆ. ಭಾನುವಾರ ಮಲಗಿಯೇ ಇದ್ದರೆ ಹೆಚ್ಚಾಗುತ್ತದೆ. ಪೃಷ್ಠದಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋವು. ಯಾವಾಗಲೋ ಒಂದು ಕಣ್ಣು ಕೆಂಪಾಗಿ, ನೋಯುತ್ತ, ಬೆಳಕನ್ನು ನೋಡಲಾಗದೆ ಇದ್ದದ್ದೂ ಉಂಟು. ಸ್ಕೂಟರಿನ ನೋವು ಹೀಗಿರುವುದಿಲ್ಲ. ಇದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಉರಿಯೂತದ ರೋಗವಾಗಿರಬಹುದು. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ತ್ರಿಕಾಸ್ಥಿಯ ಕೀಲುಗಳ ಮೇಲೆ, ಬೆನ್ನುಮೂಳೆಯ ಮೇಲೆ ತಿರುಗಿಬೀಳುವ ರೋಗ ಇದು. ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸಿನಲ್ಲಿ, ಬಹುತೇಕ ನಲವತ್ತೈದರೊಳಗೆ ಶುರುವಾಗುತ್ತದೆ. ಎಚ್.ಎಲ್.ಎ. ಬಿ27 ಎಂಬ ಅನುವಂಶಿಕ ಗುರುತು ಇಂಥವರಲ್ಲಿ ಹೆಚ್ಚಾಗಿ ಸಿಗುತ್ತದೆ. ಆದರೆ ಆ ಗುರುತಿದ್ದವರಲ್ಲಿ ಹೆಚ್ಚಿನವರಿಗೆ ಈ ರೋಗ ಬರುವುದೇ ಇಲ್ಲ. ಮೊದಲ ಕೆಲವು ವರ್ಷ ಸಾಮಾನ್ಯ ಎಕ್ಸ್-ರೇ ಚಿತ್ರದಲ್ಲಿ ಏನೂ ಕಾಣದಿರಬಹುದು. ಹಾಗಾಗಿಯೇ ಹಾಸಿಗೆ ಬದಲಿಸಿ, ವಾಹನ ಬದಲಿಸಿ, ಸೋಮಾರಿ ಎಂದು ಬೈಸಿಕೊಂಡು, ರೋಗದ ಹೆಸರು ತಿಳಿಯುವಷ್ಟರಲ್ಲಿ ಸರಾಸರಿ ಆರೇಳು ವರ್ಷ ಕಳೆದಿರುತ್ತದೆ. ಅಷ್ಟರಲ್ಲಿ ಕೆಲವರ ಕಶೇರುಮಣಿಗಳು ಒಂದಕ್ಕೊಂದು ಬೆಸೆದುಕೊಳ್ಳಲು ತೊಡಗಿರುತ್ತವೆ. ಬೇಗ ಗೊತ್ತಾದರೆ ಉರಿಯೂತ ತಗ್ಗಿಸುವ ಔಷಧ ಮತ್ತು ದಿನದ ವ್ಯಾಯಾಮದಿಂದ ನೆಟ್ಟಗೆ ಬದುಕಬಹುದು. ಹುಡುಗಿಯರಿಗೂ ಇದು ಬರುತ್ತದೆ, ಅವರಲ್ಲಿ ಪತ್ತೆಯಾಗುವುದು ಇನ್ನೂ ತಡ.

ನಮ್ಮ ದೇಶದಲ್ಲಿ ಮರೆಯಬಾರದ ಮತ್ತೊಂದು ರೋಗ ಬೆನ್ನುಮೂಳೆಯ ಕ್ಷಯ. ಇಂಗ್ಲೆಂಡಿನ ಪರ್ಸಿವಲ್ ಪಾಟ್ 1779ರಲ್ಲಿ ಇದನ್ನು ವಿವರಿಸಿದ. ಈಜಿಪ್ಟಿನ ಮಮ್ಮಿಗಳ ಬೆನ್ನಿನಲ್ಲೂ ಇದರ ಗುರುತು ಸಿಕ್ಕಿದೆ. ಪ್ರಪಂಚದ ಕ್ಷಯರೋಗಿಗಳಲ್ಲಿ ಕಾಲು ಭಾಗದಷ್ಟು ಮಂದಿ ಭಾರತದಲ್ಲಿದ್ದಾರೆ. ಕ್ಷಯವೆಂದರೆ ಕೆಮ್ಮು ಎಂದಷ್ಟೇ ತಿಳಿದವರಿಗೆ ಬೆನ್ನಿನ ಕ್ಷಯ ಹೊಳೆಯುವುದಿಲ್ಲ, ಏಕೆಂದರೆ ಇದರಲ್ಲಿ ಕೆಮ್ಮು ಇಲ್ಲದಿರಬಹುದು. ತಿಂಗಳುಗಟ್ಟಲೆ ಹೆಚ್ಚುತ್ತಲೇ ಹೋಗುವ, ರಾತ್ರಿಯೂ ಬಿಡದ ನೋವು, ಸಂಜೆಯ ಸಣ್ಣ ಜ್ವರ, ಇಳಿಯುವ ತೂಕ, ಬೆನ್ನಿನಲ್ಲಿ ಎದ್ದು ಕಾಣುವ ಗೂನು ಇದ್ದರೆ ಕ್ಷಯವನ್ನು ಹುಡುಕಲೇಬೇಕು. ಮೂಳೆ ಕುಸಿದು ಕಾಲುಗಳ ಬಲ ಹೋಗುವ ಮೊದಲು ಗುರುತಿಸಿದರೆ ಮಾತ್ರೆಗಳಿಂದಲೇ ಗುಣವಾಗುವ ಸಂಭವ ಹೆಚ್ಚು. ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಹಸಿ ಹಾಲು ಕುಡಿಯುವವರಲ್ಲಿ, ದನಕರುಗಳ ನಡುವೆ ಕೆಲಸ ಮಾಡುವವರಲ್ಲಿ ಬ್ರೂಸೆಲ್ಲ ಎಂಬ ರೋಗಾಣುವೂ ಬೆನ್ನಿಗೆ ಇಳಿಯಬಹುದು.

ಒಂದು ಸ್ಥಿತಿಯಲ್ಲಿ ಗಂಟೆಗಳ ಲೆಕ್ಕ. ಸೊಂಟನೋವಿನೊಂದಿಗೆ ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ತೊಡೆಗಳ ಒಳಭಾಗ ಮತ್ತು ಗುದದ ಸುತ್ತ ಜೋಮು ಹಿಡಿದರೆ, ಕಾಲುಗಳು ಸೋಲುತ್ತ ಹೋದರೆ, ಬೆಳಗಾಗಲೆಂದು ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನಮ್ಮ ಭಾಗದವರಿಗೆ ಜಯನಗರದ ಪೂರ್ವಕ್ಕೆ ಬೈರಸಂದ್ರದಲ್ಲಿ ಸಂಜಯ ಗಾಂಧಿ ಮೂಳೆ ಚಿಕಿತ್ಸಾ ಸಂಸ್ಥೆ ಇದೆ. ಅಪಘಾತದ ನಂತರದ ನೋವಿಗೂ, ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬಂದ ಬೆನ್ನುನೋವಿಗೂ ತಡ ಸಲ್ಲದು.

ಕಾಲ ಮುಗಿಯುತ್ತ ಬಂತು. ಮನೆಯಲ್ಲಿ ಮಾಡಬಹುದಾದ ಒಂದು ಪ್ರಯೋಗ ಹೇಳುತ್ತೇನೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ಗೋಡೆಗೆ ಒರಗಿ ನಿಂತು, ತಲೆಯ ಮೇಲೆ ಪುಸ್ತಕವಿಟ್ಟು ಎತ್ತರ ಗುರುತು ಮಾಡಿಸಿ. ರಾತ್ರಿ ಮಲಗುವ ಮೊದಲು ಅದೇ ಜಾಗದಲ್ಲಿ ಮತ್ತೊಮ್ಮೆ. ಒಂದು ವಾರ ಹೀಗೆ ಮಾಡಿ ಸರಾಸರಿ ತೆಗೆಯಿರಿ. ಸಾಮಾನ್ಯವಾಗಿ ಒಂದರಿಂದ ಎರಡು ಸೆಂಟಿಮೀಟರ್ ವ್ಯತ್ಯಾಸ ಸಿಗುತ್ತದೆ. ಹಗಲು ಹೊತ್ತ ಭಾರಕ್ಕೆ ಬಿಲ್ಲೆಗಳಿಂದ ನೀರು ಹೊರಹೋಗಿ, ರಾತ್ರಿ ಮಲಗಿದಾಗ ಮತ್ತೆ ಒಳಬರುತ್ತದೆ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರದನ್ನೂ ಅಳೆದು, ನಿಮ್ಮ ಅಳತೆಯ ಪಕ್ಕದಲ್ಲಿ ಬರೆದಿಡಿ. ಯಾರ ವ್ಯತ್ಯಾಸ ಹೆಚ್ಚು, ಏಕೆ ಎಂದು ನಿಮ್ಮ ಅಧ್ಯಾಪಕರೊಂದಿಗೆ ಚರ್ಚಿಸಿ.